ನಾನು ಕುಡಿಯದ ವಿಷ

"ಏನ್ ತಗೊಂಡೀರಿ, ಹೇಳ್ರಿ."

ಆಸ್ಪತ್ರೆಯ ಮಂಚದ ಮೇಲೆ ಮಲಗಿದವನನ್ನು ಕೇಳುವ ಪ್ರಶ್ನೆಗಳಲ್ಲಿ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಎಲ್ಲಿ ನೋವು, ಎಂಥ ನೋವು, ಎಂದಿನಿಂದ ನೋವು ಎಂಬುದಕ್ಕೆಲ್ಲ ಯೋಚಿಸಿ ಉತ್ತರ ಕೊಡಬೇಕಾಗುತ್ತದೆ. ಇದಕ್ಕೆ ಯೋಚನೆ ಬೇಕಿಲ್ಲ. ಆದರೂ ಬೈಲಹೊಂಗಲದ ಆಸ್ಪತ್ರೆಯೊಂದರ ತುರ್ತು ಕೋಣೆಯಲ್ಲಿ ಡಾಕ್ಟರು ಮೇಲಿಂದ ಮೇಲೆ ಇದನ್ನೇ ಕೇಳಿದರು, ನಾನು ಬಾಯಿ ಬಿಡಲಿಲ್ಲ. ನನ್ನ ಹಲ್ಲುಗಳು ತಾವಾಗಿಯೇ ಕಚ್ಚಿಕೊಂಡಿದ್ದವು ನಿಜ. ಆದರೆ ಬಾಯಿ ಬಿಡದಿದ್ದದ್ದು ಅದಕ್ಕಲ್ಲ, ನಾಚಿಕೆಗೆ.

ಬೈಲಹೊಂಗಲದ ಬಜಾರಿನಲ್ಲಿ ನನ್ನದೊಂದು ಅಂಗಡಿ ಇದೆ. ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧಿ. ಈ ಔಷಧಿಗೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಡಬ್ಬಿ ಕೊಡುವಾಗಲೆಲ್ಲ ನಾನು ರೈತರಿಗೆ ಒಂದು ಸಣ್ಣ ಭಾಷಣ ಬಿಗಿಯುತ್ತಿದ್ದೆ. "ಗಾಳಿ ಎದುರಿಗೆ ನಿಂತು ಹೊಡೀಬ್ಯಾಡ್ರಿ, ಮೂಗಿಗಿ ಬಟ್ಟಿ ಕಟ್ಕೊಳ್ರಿ, ಮನಿಗಿ ಹೋಗಿ ಮೊದಲ ಜಳಕ ಮಾಡ್ರಿ." ಕೇಳಿ ಕೇಳಿ ಬೇಸತ್ತ ಕೆಲವರು ನನಗೆ 'ಮೂಗಿನ ಈರಣ್ಣ' ಎಂದು ಹೆಸರಿಟ್ಟಿದ್ದರು. ಆ ಹೆಸರು ಇಷ್ಟು ಸರಿಯಾಗಿ ನನಗೆ ಒಪ್ಪುತ್ತದೆಂದು ಪಾಪ, ಅವರಿಗೆ ಗೊತ್ತಿರಲಿಲ್ಲ.

ಕಂಪನಿಯವರು ಹೇಳಿದಷ್ಟು ಮಾಲು ಮಾರಿದ ಅಂಗಡಿಕಾರರನ್ನು ವರ್ಷಕ್ಕೊಮ್ಮೆ ಗೋವಾಕ್ಕೆ ಕರೆದೊಯ್ಯುತ್ತಾರೆ. ಉಳಿದವರೆಲ್ಲ ಹೋದ ಕೂಡಲೇ ಬಾಟಲಿ ಬಿಚ್ಚುವವರು. ನಾನು ಕೊರಳಲ್ಲಿ ಲಿಂಗ ಕಟ್ಟಿದವನು, ದಾರು ಮುಟ್ಟಿದವನಲ್ಲ, ಅದರ ಮೇಲೆ ಸ್ವಲ್ಪ ಜಂಬವೂ ಇತ್ತು. ಆ ಜಂಬವನ್ನು ರಾಮದುರ್ಗದ ಸುರೇಶ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. ಅವನದೂ ನನ್ನಂಥದೇ ಅಂಗಡಿ, ನಮ್ಮದು ಹಳೆಯ ದೋಸ್ತಿ.

"ಇದು ದಾರು ಅಲ್ಲಲೇ ಈರಣ್ಣ. ವಾಸನಿ ಇಲ್ಲ, ಏನಿಲ್ಲ. ಮನ್ಯಾಗ ಯಾರಿಗೂ ತಿಳ್ಯೂದಿಲ್ಲ. ಒಂದೀಟ ಮೂಗಿಗಿ ಏರಸು, ಆಮ್ಯಾಲ ನೋಡು ನಿನ್ನ ಕದರು" ಎಂದ. ಬಿಳಿಯ ಪುಡಿ. ನಾನು ಅದನ್ನು ಏರಿಸಿದೆ. ಕುಡಿಯಬಾರದು, ತಿನ್ನಬಾರದು ಎಂದು ಹಿರಿಯರು ಹೇಳಿದ್ದರಲ್ಲಿ ಮೂಗಿನ ವಿಷಯ ಇರಲೇ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಗು ಬರುತ್ತದೆಯೇ? ನನಗೂ ಈಗ ಬರುತ್ತದೆ.

ಸುಳ್ಳು ಹೇಳಲಾರೆ, ಆ ಪುಡಿ ಚೆನ್ನಾಗಿತ್ತು. ನಲವತ್ತು ದಾಟಿ, ಹೊಟ್ಟೆ ಬಂದು, ಗಿರಾಕಿಗಳ ಉದ್ರಿ ಬಾಕಿ ಕೇಳುತ್ತ ಕೂತವನಿಗೆ ಒಮ್ಮೆಲೇ ತಾನು ಊರಿಗೇ ದೊಡ್ಡವನು ಅನ್ನಿಸಿಬಿಟ್ಟಿತು. ಅದರ ರುಚಿ ಊರಿಗೆ ಬಂದ ಮೇಲೂ ಬಿಡಲಿಲ್ಲ. ಕಿತ್ತೂರಿನ ಹತ್ತಿರ ಹೆದ್ದಾರಿಯ ಮೇಲೆ ಒಂದು ಲಾಡ್ಜ್ ಇದೆ. ರವಿವಾರ ಅಂಗಡಿ ಮುಚ್ಚಿ 'ಡೀಲರ್ ಮೀಟಿಂಗ್' ಎಂದು ಹೇಳಿ ಅಲ್ಲಿಗೆ ಹೋಗಲು ಶುರು ಮಾಡಿದೆ. ಸುರೇಶ ಅಲ್ಲಿಗೆ ಪುಡಿ ತರುತ್ತಿದ್ದ. ನಾವು ಬಾಗಿಲು ಹಾಕಿಕೊಂಡು ಏನೇನೋ ದೊಡ್ಡ ದೊಡ್ಡ ಯೋಜನೆ ಹಾಕುತ್ತಿದ್ದೆವು. ಒಂದೂ ನಡೆಯಲಿಲ್ಲ. ಮರುದಿನ ಮೈಯೆಲ್ಲ ಒಡೆದಂತಾಗಿ ಎಲ್ಲರ ಮೇಲೂ ಸಿಡಿಮಿಡಿ. ಹೆಂಡತಿ ಶೋಭಾ ಮೊದಮೊದಲು ಸಕ್ಕರೆ ಕಾಯಿಲೆ ಬಂದಿರಬೇಕೆಂದು ರಕ್ತ ತಪಾಸಣೆ ಮಾಡಿಸಿರೆಂದು ಬೆನ್ನು ಹತ್ತಿದ್ದಳು.

ಆಮೇಲೆ ಒಂದು ಮುಂಜಾನೆ ಬಟ್ಟೆ ಒಗೆಯಲು ತೆಗೆದವಳಿಗೆ ನನ್ನ ಅಂಗಿಯ ಕಿಸೆಯಲ್ಲಿ ಪುಡಿಯ ಚೀಟು, ಅಂದರೆ ಸಣ್ಣ ಪೊಟ್ಟಣ, ಸಿಕ್ಕಿತು. ಸುಮ್ಮನೆ ತಂದು ನನ್ನ ಮುಂದೆ ಹಿಡಿದಳು.

"ಇದೇನ್ರೀ?"

"ಬೀಜಕ್ಕ ಹಚ್ಚೂ ಔಷಧದ ಸ್ಯಾಂಪಲ್."

"ಬೀಜಕ್ಕ ಹಚ್ಚೂದು ಕಿಸೇದಾಗ ಯಾಕ ಬಂತು? ನೀವು ನಿದ್ದಿ ಮಾಡವಲ್ರಿ, ಊಟ ಮಾಡವಲ್ರಿ. ಖರೇ ಹೇಳ್ರಿ, ನನಗ ಅಂಜಿಕಿ ಆಗಾಕತ್ತೈತಿ."

ಖರೇ ಹೇಳುವವರಿಗೆ ದನಿ ಏರಿಸುವ ಕೆಲಸ ಇರುವುದಿಲ್ಲ. ನಾನು ಏರಿಸಿದೆ. ಗೋಡೆಗೆ ಗೋಡೆ ಹತ್ತಿದ ಓಣಿ ನಮ್ಮದು. ನಾನು ತಾಟು ಎಸೆದದ್ದು, ಅವಳು "ನನ್ನ ಮಕ್ಕಳ ಆಣಿ ಹೇಳ್ರಿ" ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಅಡುಗೆ ಮನೆಯಲ್ಲಿದ್ದ ನಮ್ಮವ್ವನಿಗೂ ಕೇಳಿಸಿತು. ಯಾತಕ್ಕೆ ಜಗಳ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಚೀಟನ್ನು ಅವಳು ಸೆರಗಿಗೆ ಕಟ್ಟಿಕೊಂಡಳು, ನಾನು ಸುರೇಶನಿಗೆ ಬಾ ಎಂದು ಫೋನ್ ಹಚ್ಚಿ, ಗಾಡಿ ತೆಗೆದುಕೊಂಡು ನೆಟ್ಟಗೆ ಕಿತ್ತೂರಿಗೆ ಹೋದೆ.

ಅಂದು ಸಿಟ್ಟಿನಲ್ಲಿ ಎಂದಿಗಿಂತ ಹೆಚ್ಚು ಏರಿಸಿದೆ. ಸ್ವಲ್ಪ ಹೊತ್ತಿಗೆ ಎದೆ ಓಡಲು ಹತ್ತಿತು. ಓಡುವುದು ಎಂದರೆ ಅಂಜಿದಾಗ ಬಡಿದುಕೊಳ್ಳುತ್ತದಲ್ಲ, ಹಾಗಲ್ಲ. ಒಳಗೆ ಯಾರೋ ಬಾಗಿಲು ಒಡೆಯುತ್ತಿರುವ ಹಾಗೆ. ಮೈ ಕೆಂಡದಂತೆ ಕಾದು ಬೆವರು ಸುರಿಯತೊಡಗಿತು. ಸುರೇಶನ ಮುಖ ಬಿಳುಚಿಕೊಂಡಿತು. ನನ್ನನ್ನು ತನ್ನ ಕಾರಿನಲ್ಲಿ ಹಾಕಿಕೊಂಡು ಬೈಲಹೊಂಗಲಕ್ಕೆ ಬಂದವನು ಆಸ್ಪತ್ರೆಗೆ ಒಯ್ಯಲಿಲ್ಲ. ನನ್ನ ಅಂಗಡಿಯ ಮುಂದೆ ಇಳಿಸಿ, "ನೀರ ಕುಡದು ಸ್ವಲ್ಪ ಅಡ್ಡ ಆಗು, ಇಳೀತೈತಿ" ಎಂದು ಹೋಗಿಬಿಟ್ಟ. ನಾನು ಶಟರ್ ಎತ್ತಿ ಒಳಗೆ ಹೋದೆ. ಆಸರೆಗೆ ಕೈ ಚಾಚಿದ್ದು ಎಣ್ಣೆಯ ಡಬ್ಬಿಗಳು ಒಟ್ಟಿದ ಕಪಾಟಿಗೆ. ಕಪಾಟೂ ಡಬ್ಬಿಗಳೂ ನಾನೂ ಒಟ್ಟಿಗೇ ಬಿದ್ದೆವು. ಒಂದು ಡಬ್ಬಿಯ ಬಿರಡೆ ಹಾರಿ ಅಂಗಿಯ ಮೇಲೆಲ್ಲ ಎಣ್ಣೆ ಚೆಲ್ಲಿತು.

ಸಪ್ಪಳ ಕೇಳಿ ಬಂದ ಪಕ್ಕದ ಬಟ್ಟೆ ಅಂಗಡಿಯವರಿಗೆ ಕಂಡದ್ದೇನು? ಎಣ್ಣೆಯ ವಾಸನೆ ಹೊಡೆಯುತ್ತ ನೆಲದ ಮೇಲೆ ಒದ್ದಾಡುವ ಗಂಡಸು. ಮುಂಜಾನೆಯೇ ಗಂಡ ಹೆಂಡಿರ ಜಗಳ ಆಗಿದೆ ಎಂಬ ಸುದ್ದಿ ಅವರ ಕಿವಿಗೂ ಮುಟ್ಟಿತ್ತು. ಇನ್ನೇನು ಯೋಚಿಸುವುದು?

"ಈರಣ್ಣ ಎಣ್ಣಿ ಕುಡದಾನ" ಎಂದು ಬಜಾರದ ತುಂಬ ಆಯಿತು.

ನಮ್ಮ ಭಾಗದ ಆಸ್ಪತ್ರೆಗಳಲ್ಲಿ ಇಂಥವರು ಬರುವುದು ಹೊಸದಲ್ಲ. ನನ್ನನ್ನು ಮಂಚದ ಮೇಲೆ ಹಾಕುತ್ತಿದ್ದಂತೆ ಸಿಸ್ಟರ್ ಹೊಟ್ಟೆ ತೊಳೆಯುವ ನಳಿಗೆ ತಂದೇಬಿಟ್ಟರು. ಅವ್ವ ಬಂದಳು, ಅದೇ ಊರಿಗೆ ಕೊಟ್ಟ ನನ್ನ ಅಕ್ಕ ಬಂದಳು, ಅವರ ಹಿಂದೆ ಅರ್ಧ ಓಣಿ ಬಂತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲರನ್ನೂ ಹೊರಗೆ ಕಳಿಸಲು ನೋಡಿದರು, ಯಾರೂ ಹೋಗಲಿಲ್ಲ.

"ಮುಂಜಾನೆ ಮನ್ಯಾಗ ಜಗಳಾತ್ರಿ ಡಾಕ್ಟರ್" ಎಂದು ಅಕ್ಕ ಅಳುತ್ತ ಹೇಳಿದಳು.

ಡಾಕ್ಟರು ನನ್ನ ಮುಖದ ಹತ್ತಿರ ಬಗ್ಗಿದರು. "ಏನ್ ತಗೊಂಡೀರಿ, ಹೇಳ್ರಿ. ಎಣ್ಣಿ ಕುಡದೀರೇನು?"

ನನ್ನ ಜೀವ ಹೋಗುತ್ತಿದೆ ಎಂದು ನನಗೆ ಖಾತ್ರಿಯಾಗಿತ್ತು. ಅಂಥ ಹೊತ್ತಿನಲ್ಲೂ ತಲೆ ಲೆಕ್ಕ ಹಾಕಿತು. ಹೆಂಡತಿಯ ಕಾಟಕ್ಕೆ ವಿಷ ಕುಡಿದ ಗಂಡಸಿನ ಮೇಲೆ ಊರು ಮರುಕಪಡುತ್ತದೆ. ಮೂಗಿಗೆ ಪುಡಿ ಏರಿಸಿಕೊಂಡು ಬಿದ್ದ, ಇಬ್ಬರು ಮಕ್ಕಳ ತಂದೆಯನ್ನು ನೋಡಿ ಊರು ಉಗಿಯುತ್ತದೆ. ಸಾಯುವುದಾದರೆ ಮರುಕದಲ್ಲೇ ಸಾಯೋಣ ಅನ್ನಿಸಿತು. ನಾನು ಕಣ್ಣು ಮುಚ್ಚಿ, ಹೌದು ಎಂದು ತಲೆಯಾಡಿಸಿದೆ.

ಈ ಬರಹದಲ್ಲಿ ಹೇಳಲು ಅತಿ ಕಷ್ಟವಾದ ಮಾತು ಅದೊಂದೇ. ಪುಡಿ ತಗೊಂಡದ್ದಕ್ಕೆ ಚಟ ಅನ್ನಬಹುದು, ಸಹವಾಸ ಅನ್ನಬಹುದು, ವಯಸ್ಸಿನ ಹುಚ್ಚು ಅನ್ನಬಹುದು. ಆ ತಲೆಯಾಡಿಸಿದ್ದಕ್ಕೆ ಏನೂ ಅನ್ನಲು ಬರುವುದಿಲ್ಲ.

ಮೂಗಿನಿಂದಲೇ ನಳಿಗೆ ಇಳಿಸಿದರು. ಮೂಗಿನ ಈರಣ್ಣ! ನಾನು ಒದ್ದಾಡಿದೆ, ನಾಲ್ಕು ಮಂದಿ ಕೈಕಾಲು ಹಿಡಿದರು. ಒಬ್ಬ ಸಿಸ್ಟರ್ ವಿಷಕ್ಕೆ ಕೊಡುವ ಸೂಜಿ ತುಂಬಿಕೊಂಡು ನಿಂತಿದ್ದರು. ಡಾಕ್ಟರು ಟಾರ್ಚ್ ಹಿಡಿದು ನನ್ನ ರೆಪ್ಪೆ ಎತ್ತಿ ನೋಡಿದವರು ಮತ್ತೊಮ್ಮೆ ನೋಡಿದರು. "ತಡೀರಿ ಸಿಸ್ಟರ್. ಎಣ್ಣಿ ಕುಡದವರ ಕಣ್ಣಿನ ಗೊಂಬಿ ಸಣ್ಣ ಆಗಿರತಾವು. ಇವರದು ಇಷ್ಟಗಲ ಆಗ್ಯಾವು. ಇದ ಬ್ಯಾರೆ ಏನೋ ಐತಿ" ಎಂದದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಶೋಭಾ ಬಂದಳು. ಅವಳನ್ನು ನೋಡಿದ ಕೂಡಲೇ ಅಕ್ಕ ಮುಖ ತಿರುಗಿಸಿದಳು. ಶೋಭಾ ಡಾಕ್ಟರ ತೋಳು ಹಿಡಿದು, "ಮೇಡಂ, ಒಂದೀಟ ಈ ಕಡೆ ಬರ್ರಿ" ಎಂದು ಪರದೆಯ ಆಚೆ ಕರೆದುಕೊಂಡು ಹೋದಳು. ಸೆರಗಿನ ಗಂಟು ಬಿಚ್ಚುತ್ತಿರುವುದು ಪರದೆಯ ಸಂದಿನಿಂದ ಕಂಡಿತು.

ಡಾಕ್ಟರು ತಿರುಗಿ ಬಂದು ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು. "ನಿಮ್ಮ ಮನಿಯವರು ಹೇಳ್ಯಾರ. ಇನ್ನ ನೀವು ಏನೂ ಹೇಳೂದು ಬ್ಯಾಡ. ಅಂಜಬ್ಯಾಡ್ರಿ, ಉಸುರಾಡ್ರಿ ಅಷ್ಟ."

ಎಷ್ಟು ಸಣ್ಣ ಮಾತು! ಬೈಯಲಿಲ್ಲ, ಹೇಸಲಿಲ್ಲ. ನಳಿಗೆ ತೆಗೆಸಿದರು, ಎಣ್ಣೆ ಬಿದ್ದ ಅಂಗಿ ಕತ್ತರಿಸಿ ಮೈ ತೊಳೆಸಿದರು, ಬೇರೆ ಸೂಜಿ ಕೊಟ್ಟರು, ತಣ್ಣೀರ ಬಟ್ಟೆ ಹೊದಿಸಿದರು. ಆ ಮೊದಲಿನ ಸೂಜಿ ಕೊಟ್ಟಿದ್ದರೆ ಮೊದಲೇ ಓಡುತ್ತಿದ್ದ ಎದೆ ಇನ್ನೂ ಜೋರಾಗಿ ಓಡುತ್ತಿತ್ತು, ಉಳಿಯುವುದು ಕಷ್ಟವಿತ್ತು ಎಂದು ಮುಂದೊಂದು ದಿನ ಅವರೇ ಹೇಳಿದರು. ನಾನು ತಲೆಯಾಡಿಸಿ ತರಿಸಿಕೊಂಡ ಸೂಜಿ ಅದು.

ಅಂಬುಲೆನ್ಸಿನಲ್ಲಿ ಬೆಳಗಾವಿಗೆ ಒಯ್ದರು. ನೇಸರಗಿ ದಾಟುವವರೆಗೂ ಅವ್ವ ನನ್ನ ಕಾಲು ಹಿಡಿದು ಎಲ್ಲಮ್ಮನನ್ನು ಕೂಗುತ್ತಿದ್ದಳು. ಶೋಭಾ ನನ್ನ ಹಣೆಯ ಬಟ್ಟೆಯನ್ನು ಹಿಂಡಿ ಹಿಂಡಿ ಹಾಕುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

ದೊಡ್ಡ ಆಸ್ಪತ್ರೆಯ ಐಸಿಯು ಬಗ್ಗೆ ಹೆಚ್ಚು ಹೇಳಲಾರೆ. ತಲೆಯ ಮೇಲಿನ ಯಂತ್ರ ನನ್ನ ಹೆಸರು ಹಿಡಿದು ಚಾಡಿ ಹೇಳುತ್ತಿದೆ ಎಂದು ಅನ್ನಿಸುತ್ತಿತ್ತು, ಸಿಸ್ಟರುಗಳು ನಕ್ಕರೆ ನನಗೇ ನಕ್ಕರು ಅನ್ನಿಸುತ್ತಿತ್ತು. ಪುಡಿ ಇಳಿದ ಮೇಲೆ ಆ ಸಂಶಯ ಹೋಯಿತು, ಅದರ ಜಾಗಕ್ಕೆ ಅಳು ಬಂತು. ಮುದುಕಿಯೊಬ್ಬಳು ನೆಲ ಒರೆಸಲು ಬರುತ್ತಿದ್ದಳು. ನಾನು ಅಳುತ್ತಿರುವುದನ್ನು ನೋಡಿ ಏನೂ ಕೇಳದೆ ಪರದೆ ಎಳೆದು ಹೋಗುತ್ತಿದ್ದಳು. ಅವಳ ಹೆಸರೂ ಕೇಳಲಿಲ್ಲ ನಾನು.

ಹೃದಯದ ಮಾಂಸ ಸೋತಿದೆ, ರಕ್ತ ಸರಿಯಾಗಿ ದೂಡುತ್ತಿಲ್ಲ ಎಂದರು. ಗುಳಿಗೆಗಳು ಶುರುವಾದವು. ಎದೆಯ ಫೋಟೋ ತೆಗೆಯುವ ಕೋಣೆಯ ಹೊರಗೆ ಬೆಂಚಿನ ಮೇಲೆ ಸರದಿಗೆ ಕೂತಿದ್ದಾಗ ಕಟಕೋಳದ ಒಬ್ಬ ಯಜಮಾನರು ಪಕ್ಕದಲ್ಲಿದ್ದರು. ರೊಟ್ಟಿಯ ಗಂಟು ಬಿಚ್ಚಿ, ನನಗೂ ಅರ್ಧ ಮುರಿದು ಕೊಟ್ಟರು.

"ಈ ವಯಸ್ಸಿನ್ಯಾಗ ನಿಮಗೂ ಹಾರ್ಟ್ ಏನ್ರಿ? ಭಾಳ ದುಡದೀರಿ ಕಾಣತೈತಿ. ಇಷ್ಟ ದುಡೀಬಾರದ್ರಿ ಸಾವಕಾರ್ರ" ಎಂದು ಬೆನ್ನು ಸವರಿದರು.

ನಾನು ರೊಟ್ಟಿ ತಿಂದೆ. "ಹೌದ್ರಿ" ಎಂದೆ.

ಬೆಳಗಾವಿಯ ಡಾಕ್ಟರು ಮನೆಯವರನ್ನು ಕರೆದು ಇದು ವಿಷದ ಕೇಸ್ ಅಲ್ಲ, ಹೃದಯದ ತೊಂದರೆ ಎಂದು ಸ್ಪಷ್ಟವಾಗಿ ಹೇಳಿದರು. ಪುಡಿಯ ವಿಷಯ ರೋಗಿಯ ಒಪ್ಪಿಗೆ ಇಲ್ಲದೆ ಹೇಳುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದರು. ಅಕ್ಕ ಹೊರಗೆ ಬಂದು, "ಡಾಕ್ಟರ್ ಶಾಣ್ಯಾರದಾರ. ಪೊಲೀಸ್ ಗದ್ದಲ ಬ್ಯಾಡಂತ ಹಂಗ ಹೇಳ್ಯಾರ" ಎಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಒಮ್ಮೆ ತಲೆಯಾಡಿಸಿ ಹುಟ್ಟಿಸಿದ ಸುಳ್ಳು ಈಗ ಡಾಕ್ಟರ ಮಾತಿಗೂ ಬಗ್ಗದಷ್ಟು ಬೆಳೆದಿತ್ತು.

ಡಿಸ್ಚಾರ್ಜಿನ ಹಿಂದಿನ ದಿನ ಶೋಭಾ ನನ್ನ ಬಟ್ಟೆ ಮಡಿಸುತ್ತ ಹೇಳಿದಳು.

"ಡಾಕ್ಟರ್ ಯಾರಿಗೂ ಹೇಳೂದಿಲ್ಲಂದಾರ. ನಾನೂ ಹೇಳೂದಿಲ್ಲ. ಹೇಳೂದ ನಿಮಗ ಬಿಟ್ಟದ್ದು."

"ಹೇಳ್ತೇನಿ, ಸ್ವಲ್ಪ ಆರಾಮ ಆಗ್ಲಿ" ಎಂದೆ. ಅವಳು ಮಡಿಸಿದ ಬಟ್ಟೆಯನ್ನು ಚೀಲಕ್ಕೆ ತುಂಬಿದಳು.

ನಮ್ಮ ಕಡೆ ಯಾರಾದರೂ ಆಸ್ಪತ್ರೆಯಿಂದ ಮನೆಗೆ ಬಂದರೆ ಬೀಗರು ಬಿಜ್ಜರು, ಗುರುತಿದ್ದವರು ಎಲ್ಲರೂ ಬಂದು ಮಾತಾಡಿಸಿಕೊಂಡು ಹೋಗಬೇಕು. ಬಾರದಿದ್ದರೆ ಅದೊಂದು ಜನ್ಮದ ಸಿಟ್ಟು. ಬಿಸ್ಕಿಟು, ಎಳನೀರು, ಬಾಳೆಹಣ್ಣು ಹಿಡಿದು ಜನ ಬಂದೇ ಬಂದರು. ಕೆಲವರು ಟೆಂಪೋ ಮಾಡಿಕೊಂಡು ಬಂದರು. ನಾನು ನಡುಮನೆಯಲ್ಲಿ ದಿಂಬಿಗೆ ಒರಗಿ ಕೂತು ಮದುಮಗನ ಹಾಗೆ ಎಲ್ಲರ ಮರುಕ ಸ್ವೀಕರಿಸುತ್ತಿದ್ದೆ. ಶೋಭಾ ಒಳಗೆ ಚಹಾ ಕಾಸುತ್ತಿದ್ದಳು. ಬಂದವರು ನನ್ನೊಂದಿಗೆ ಎರಡು ಮಾತಾಡಿ, ದನಿ ತಗ್ಗಿಸಿ ಅವ್ವನೊಂದಿಗೆ ನಾಲ್ಕು ಮಾತಾಡಿ, ಆಮೇಲೆ ಹೆಂಗಸರು ಅಡುಗೆ ಮನೆಗೆ ಹೋಗುತ್ತಿದ್ದರು.

ನೇಸರಗಿಯಿಂದ ಬಂದ ಚಿಗವ್ವನ ದನಿ ಮೊದಲೇ ದೊಡ್ಡದು. ಬಾಗಿಲಿಗೆ ಪರದೆ ಮಾತ್ರ ಇತ್ತು.

"ಗಂಡಸರು ಹೊರಗ ನೂರಾ ಎಂಟ ನೋಡಿ ಬಂದಿರತಾರವ್ವಾ. ನಾವ ಬಾಯಿ ಬಿಗಿ ಹಿಡೀಬೇಕು. ಒಂದ ತಾಸಿನ ಸಿಟ್ಟಿಗಿ ಕುಂಕುಮ ಕಳಕೊಂತಿದ್ದಿ ನೋಡ. ಇನ್ನರ ತಗ್ಗಿ ಬಗ್ಗಿ ನಡಿ."

ನನ್ನ ಕೈಯಲ್ಲಿ ಹಾಲಿನ ಲೋಟ ಇತ್ತು. ಪರದೆಯ ಆಚೆಯಿಂದ ಶೋಭಾಳ ಉತ್ತರ ಬರಬಹುದೆಂದು ಕಾದೆ. "ಚಾಕ ಸಕ್ರಿ ಹಾಕ್ಲೇನ್ರಿ ಚಿಗವ್ವಾರ?" ಎಂದಳು. ಅಷ್ಟೇ. ಎದ್ದು ಹೋಗಿ ಒಂದು ಮಾತು ಹೇಳಬೇಕಿತ್ತು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದರೇ ಹೊರತು ಅಡುಗೆ ಮನೆಗೆ ಹೋಗಬೇಡಿ ಎಂದಿರಲಿಲ್ಲ. ನಾನು ಹಾಲು ಕುಡಿದು ಮುಗಿಸಿದೆ.

ಸುರೇಶನೂ ಬಂದ. ಒಂದು ಗೊನೆ ಎಳನೀರು ಹಿಡಿದು ಬಂದಿದ್ದ, ಇದ್ದವರೆಲ್ಲ ಅವನ ದೋಸ್ತಿ ಹೊಗಳಿದರು. ಎಲ್ಲರೂ ಎದ್ದ ಮೇಲೆ ನನ್ನ ಹತ್ತಿರ ಜರುಗಿ, "ನನ್ನ ಹೆಸರು ಎಲ್ಲಿಯೂ ಬಂದಿಲ್ಲಲ್ಲೋ?" ಎಂದು ಕೇಳಿದ. ಇಲ್ಲ ಎಂದೆ. ಅವನ ಮುಖದ ಮೇಲೆ ನಿರಾಳ ಮೂಡಿತು. ಅದೇ ನಿರಾಳದ ಮೇಲೆ ನಾನೂ ಹಗಲೆಲ್ಲ ಒರಗಿ ಕೂತಿದ್ದೆನಲ್ಲ! ಇನ್ನು ಮೇಲೆ ನನ್ನ ಮನೆಗೆ ಬರಬೇಡ, ಫೋನೂ ಹಚ್ಚಬೇಡ ಎಂದೆ. ಆ ಎಳನೀರನ್ನು ಯಾರೂ ಕುಡಿಯಲಿಲ್ಲ, ಕಾಯಿಗಳು ಮೂಲೆಯಲ್ಲೇ ಒಣಗಿದವು.

ಮುಂದಿನ ತಿಂಗಳುಗಳು ಹೇಗೆ ಹೋದವೆಂದು ಹೇಳುವುದು ಕಷ್ಟ. ಎದೆ ನಿಧಾನವಾಗಿ ಚೇತರಿಸಿಕೊಂಡಿತು. ಮನಸ್ಸು ಮಾತ್ರ ಪಾತಾಳದಲ್ಲಿತ್ತು. ಹಾಸಿಗೆಯಿಂದ ಏಳಲು ಮನಸ್ಸಿಲ್ಲ, ಅಂಗಡಿಗೆ ಹೋದರೆ ಎಣ್ಣೆಯ ಡಬ್ಬಿಯನ್ನು ಗಿರಾಕಿಗಳಿಗೇ ತೆಗೆದುಕೊಳ್ಳಲು ಹೇಳುತ್ತಿದ್ದೆ. ಗಿರಾಕಿಗಳು ನನ್ನನ್ನೂ ಡಬ್ಬಿಗಳನ್ನೂ ಒಂದು ನಮೂನೆ ನೋಡುತ್ತಿದ್ದರು. ಪುಡಿಯ ನೆನಪು ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ರವಿವಾರ ಬಂದರೆ ಬಾಯಿ ಒಣಗುತ್ತಿತ್ತು. ಬೆಳಗಾವಿಯ ಡಾಕ್ಟರು ಚಟ ಬಿಡಿಸುವವರ ಹತ್ತಿರ ಕಳಿಸಿದರು. ಅಲ್ಲಿಯ ಹಜಾರದಲ್ಲಿ ಎಲ್ಲರೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮೊಬೈಲ್ ನೋಡುತ್ತ ಕೂತಿರುತ್ತೇವೆ. ಕಾಲೇಜಿನ ಹುಡುಗರಿದ್ದಾರೆ, ನನ್ನ ವಯಸ್ಸಿನವರಿದ್ದಾರೆ, ಒಬ್ಬರು ನಿವೃತ್ತ ಗುಮಾಸ್ತರೂ ಇದ್ದಾರೆ. ಇಲ್ಲಿ ಕೂತಿರುವವರಲ್ಲಿ ನಾನೊಬ್ಬನೇ ಹೇಸಿ ಎಂದು ಮೊದಲ ದಿನ ಅಂದುಕೊಂಡಿದ್ದೆ. ಪಕ್ಕದವರೂ ತಮ್ಮ ಬಗ್ಗೆ ಹಾಗೇ ಅಂದುಕೊಂಡಿದ್ದರಂತೆ. ಇದನ್ನು ಬರೆಯಲು ಅದೊಂದು ಕಾರಣ.

ಅವ್ವನ ಹರಕೆಯ ವಿಷಯ ತಿಳಿದದ್ದು ಆ ಹೊತ್ತಿನಲ್ಲಿ. ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಅವಳು ಸವದತ್ತಿಯ ಎಲ್ಲಮ್ಮನಿಗೆ ಬೇಡಿಕೊಂಡಿದ್ದಳಂತೆ. ಮಗ ಎದ್ದು ಕೂತರೆ ಗುಡ್ಡಕ್ಕೆ ಬಂದು ಪಡ್ಡಲಗಿ ತುಂಬುತ್ತೇನೆ, ಸೊಸೆಯ ಕಡೆಯಿಂದ ದೀಡ ನಮಸ್ಕಾರ ಹಾಕಿಸುತ್ತೇನೆ ಎಂದು. ಬುಟ್ಟಿಯಲ್ಲಿ ಹೋಳಿಗೆ, ಕಡಬು, ಪಲ್ಲೆ ತುಂಬಿ ಅಮ್ಮನಿಗೆ ಒಪ್ಪಿಸುವುದು ಪಡ್ಡಲಗಿ, ಅದು ಸಂತೋಷದ್ದು. ದೀಡ ನಮಸ್ಕಾರ ಹಾಗಲ್ಲ. ಹೊಂಡದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿ, ಚಾಚಿದ ಕೈ ಮುಟ್ಟಿದ ಕಡೆ ಗೆರೆ ಎಳೆದು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುತ್ತ ಗುಡಿಯವರೆಗೆ ಹೋಗಬೇಕು. ಗಂಡನನ್ನು ಸಾವಿನ ಬಾಗಿಲಿಗೆ ದೂಡಿದ ಸೊಸೆಯ ತಪ್ಪು ಹಾಗೆ ಕಳೆಯಬೇಕು ಎಂಬುದು ಅವ್ವನ ಮನಸ್ಸು. ಕೆಟ್ಟವಳಲ್ಲ ನಮ್ಮವ್ವ. ಅವಳಿಗೆ ಗೊತ್ತಿದ್ದದ್ದು ಅಷ್ಟೇ, ಗೊತ್ತಾಗದಂತೆ ನೋಡಿಕೊಂಡವನು ನಾನು.

"ಆಗ್ಲಿ ಬಿಡ್ರಿ ಅತ್ತಿ, ಹಾಕ್ತೇನಿ" ಎಂದಳು ಶೋಭಾ.

ನಾನು ಅಲ್ಲೇ ಇದ್ದೆ. ಅವಳು ನನ್ನ ಕಡೆ ಒಮ್ಮೆ ನೋಡಿದಳು, ಬಹಳ ಹೊತ್ತೇನೂ ಅಲ್ಲ. ಗುಡ್ಡಕ್ಕೆ ಹೋಗುವ ದಿನದವರೆಗೂ ಹೇಳಬೇಕು ಹೇಳಬೇಕು ಎಂದುಕೊಂಡೆ. ಅವ್ವ ದಣಿದಿದ್ದಾಳೆ, ಅಕ್ಕ ಇದ್ದಾಳೆ, ಮಕ್ಕಳು ಕೇಳಿಸಿಕೊಂಡಾರು. ನೆಪಗಳಿಗೆ ಬರವೇ? ನಡುವೆ ಬೆಳಗಾವಿಯ ತಪಾಸಣೆಗೆ ಹೋದಾಗ ಗುಡ್ಡಕ್ಕೆ ಹೋಗಬಹುದೇ ಎಂದು ಡಾಕ್ಟರನ್ನು ಕೇಳಿದೆ. "ಈಗ ಹೋಗ್ರಿ, ಆದ್ರ ಏನ ಮಾಡಿದ್ರೂ ಸಾವಕಾಶ" ಎಂದರು. ಶೋಭಾ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು.

ಗುಡ್ಡದ ಮೇಲೆ ಒಲೆ ಹೂಡಿ ಅಕ್ಕ ಹೋಳಿಗೆ ಬೇಯಿಸುತ್ತಿದ್ದಳು. ಎಲ್ಲ ಕಡೆ ಹೊಗೆ, ಭಂಡಾರದ ಹಳದಿ, ಜೋಗತಿಯರು ನುಡಿಸುವ ಚೌಡಿಕೆಯ ಸಪ್ಪಳ. ಅವ್ವ ಒಂದು ಕಡ್ಡಿಯನ್ನೂ ಬೇವಿನ ಸೊಪ್ಪನ್ನೂ ಶೋಭಾಳ ಕೈಯಲ್ಲಿಟ್ಟು, "ಹೋಗವಾ, ಹೊಂಡದಾಗ ಮುಳುಗಿ ಬಾ. ತಪ್ಪಾತು ಅಂತ ಬೇಡ್ಕೋ, ತಾಯಿ ಹೊಟ್ಟ್ಯಾಗ ಹಾಕ್ಕೋತಾಳ" ಎಂದಳು. ಶೋಭಾ ಕಡ್ಡಿ ಹಿಡಿದು, ಸೆರಗು ಸಿಕ್ಕಿಸಿಕೊಂಡು ನಡೆದೇಬಿಟ್ಟಳು. ಪುಡಿಯ ಚೀಟು ಕಟ್ಟಿಕೊಂಡು ಆಸ್ಪತ್ರೆಗೆ ಓಡಿ ಬಂದದ್ದೂ ಇದೇ ಸೆರಗಿನಲ್ಲಿ ಎಂಬುದು ನೆನಪಾಗಿ ನಾನು ಎದ್ದು ನಿಂತೆ.

"ಅವ್ವಾ, ನಾ ಎಣ್ಣಿ ಕುಡದಿದ್ದಿಲ್ಲ."

"ಗೊತ್ತೈತೋ ಯಪ್ಪಾ. ಮಂದಿ ಮುಂದ ಹಂಗ ಹೇಳಬೇಕು."

"ಮಂದಿ ಮುಂದಲ್ಲ, ನಿನ್ನ ಮುಂದ ಹೇಳಾಕತ್ತೇನಿ. ನಾ ಪುಡಿ ತಗೊಂಡಿದ್ದೆ. ನಶಾದ್ದು. ಮೂಗಿಗಿ ಏರಸೂದು."

"ಪುಡಿ ಅಂದ್ರ? ತಪಕೀರೇನ?" ಎಂದಳು ಅವ್ವ. ಅವಳಿಗೆ ಗೊತ್ತಿದ್ದದ್ದು ತನ್ನ ನಶ್ಯದ ಡಬ್ಬಿ. ಅಕ್ಕನಿಗೆ ತಿಳಿಯಿತು. ಹೋಳಿಗೆ ಬಿಟ್ಟು ಬಾಯಿಗೆ ಕೈ ಹಚ್ಚಿಕೊಂಡಳು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಗೋವಾ, ಕಿತ್ತೂರು, ಕಿಸೆಯ ಚೀಟು, ಆ ಮುಂಜಾನೆಯ ಜಗಳ ಯಾತಕ್ಕೆ ಎಂಬುದು, ಡಾಕ್ಟರು ಕೇಳಿದಾಗ ತಲೆಯಾಡಿಸಿದ್ದು. ಪಕ್ಕದ ಒಲೆಯವರೂ ತಿರುಗಿ ನೋಡಿದರು. ನೋಡಲಿ ಎಂದು ಬಿಟ್ಟೆ. ಮೂಗಿನಿಂದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಅವ್ವ ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಆಮೇಲೆ ಶೋಭಾಳ ಕಡೆ ತಿರುಗಿದಳು.

"ನಿನಗ ಗೊತ್ತಿತ್ತೇನ?"

"ಗೊತ್ತಿತ್ರಿ. ಅವತ್ತ ಡಾಕ್ಟರಿಗೆ ಹೇಳಿದಾಕಿನೂ ನಾನ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ನೀವ ನಂಬತಿದ್ರೇನ್ರಿ ಅತ್ತಿ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಕೊನೆಗೆ, "ಹರಕಿ ಬಿಡಾಕ ಬರೂದಿಲ್ಲ" ಎಂದಳು, ಯಾರಿಗೆ ಹೇಳಿದಳೋ ಗೊತ್ತಿಲ್ಲ.

"ಬಿಡೂದು ಬ್ಯಾಡ" ಎಂದು ನಾನು ಅಂಗಿ ಬಿಚ್ಚಿದೆ.

ಇದನ್ನು ಬರೆಯುತ್ತೇನೆಂದು ಶೋಭಾಳಿಗೆ ಹೇಳಿದಾಗ, "ಬರೀರಿ, ಆದ್ರ ನನ್ನ ದೇವತಿ ಮಾಡಬ್ಯಾಡ್ರಿ. ನನಗ ಸಿಟ್ಟ ಇನ್ನೂ ಇಳದಿಲ್ಲ" ಎಂದಳು. ಹಾಗಾಗಿ ಅಂದು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ.

ಹೊಂಡದಲ್ಲಿ ಮುಳುಗಿ ಬಂದು ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಕಡ್ಡಿ ಶೋಭಾಳ ಕೈಯಲ್ಲೇ ಇತ್ತು. ಜೊತೆಗೆ ನಡೆಯುವವರು ಸಾಮಾನ್ಯವಾಗಿ ಗೆರೆಯನ್ನು ಕೈಗಿಂತ ಒಂದು ಗೇಣು ಮುಂದೆ ಎಳೆಯುತ್ತಾರೆ. ದಣಿದವರ ಮೇಲೆ ಅಷ್ಟು ಕನಿಕರ ಇದ್ದೇ ಇರುತ್ತದೆ, ದೇವಿಯೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುತ್ತಾರೆ. ಶೋಭಾ ಹಾಗೆ ಮಾಡಲಿಲ್ಲ. ನನ್ನ ಬೆರಳಿನ ತುದಿ ಎಲ್ಲಿತ್ತೋ ಅಲ್ಲೇ ಎಳೆದಳು. ಪ್ರತಿ ಸಲವೂ ಅಲ್ಲೇ. ಮಣ್ಣು ಬಾಯಿಗೆ ಬಂತು, ಮೊಣಕಾಲು ತರಚಿದವು, ಜನ ದಾರಿ ಬಿಟ್ಟು ನಿಂತರು.

ಅರ್ಧ ದಾರಿಯಲ್ಲಿ ಏದುಸಿರು ಹತ್ತಿತು. ಮಲಗಿದವನಿಗೆ ಏಳಲಾಗಲಿಲ್ಲ, ಕೈ ಎದೆಗೆ ಹೋಯಿತು. ಹಿಂದಿನಿಂದ ಅವ್ವ, "ಸಾಕ ಮಾಡೋ ಯಪ್ಪಾ, ತಾಯಿ ಒಪ್ಪಿಕೊಂಡಾಳ" ಎಂದು ಅಳುತ್ತಿದ್ದಳು. ಶೋಭಾ ಕಡ್ಡಿ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಆಸ್ಪತ್ರೆಯಲ್ಲಿ ಸಿಸ್ಟರುಗಳಿಂದ ಕಲಿತಿದ್ದ ಹಾಗೆ ನನ್ನ ಮುಂಗೈಯ ನಾಡಿ ಹಿಡಿದಳು. ಎಷ್ಟೋ ತಿಂಗಳ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಾಡಿಯ ಓಟ ಇಳಿಯುವವರೆಗೂ ಕೈ ಬಿಡಲಿಲ್ಲ. ಇಳಿದ ಮೇಲೆ ಕಡ್ಡಿ ಎತ್ತಿಕೊಂಡು, ನನ್ನ ಬೆರಳಿನ ತುದಿಗೆ ಸರಿಯಾಗಿ ಗೆರೆ ಎಳೆದಳು.

"ಏಳ್ರಿ" ಎಂದಳು. "ಇನ್ನೂ ಐತಿ."